ಗುಡಿಸಿಟ್ಟ ವಿಮಾನದ ಬಯಲು

ನಾನು ವಿಮಾನ ನಿಲ್ದಾಣದಲ್ಲಿ ಕೆಲಸ ಮಾಡುತ್ತಿದ್ದೆ ಎಂದರೆ ಮೊಮ್ಮಕ್ಕಳು ಕಣ್ಣರಳಿಸುತ್ತಾರೆ. ಎಂಥ ನಿಲ್ದಾಣ ಎಂದು ಬಿಡಿಸಿ ಹೇಳಿದರೆ ಅದೇ ಮೊಮ್ಮಕ್ಕಳು ಬಿದ್ದು ಬಿದ್ದು ನಗುತ್ತಾರೆ. ಗೋಡೆ ಇಲ್ಲ, ದೀಪ ಇಲ್ಲ, ಡಾಂಬರೂ ಇಲ್ಲ. ದಾಂಡೇಲಿಯಿಂದ ಹಳಿಯಾಳಕ್ಕೆ ಹೋಗುವ ರಸ್ತೆಯಿಂದ ಒಂದು ಕಡೆ ಒಳಕ್ಕೆ ಹೊರಳಿದರೆ, ಸಾಗವಾನಿ ಕಾಡಿನ ನಡುವೆ ಗರಸು ಹಾಕಿ ರೋಲರ್ ಹೊಡೆದ ಉದ್ದನೆಯ ಒಂದು ಬಯಲು. ಅದರ ತುದಿಗೆ ತಗಡಿನ ಶೆಡ್ಡು. ಶೆಡ್ಡಿನೊಳಗೆ ಒಂದು ಮೇಜು, ಒಂದು ಫೋನು, ಒಂದು ಮಡಕೆ ನೀರು, ಮತ್ತು ನಾನು. ಸುತ್ತಲಿನವರು ಅದನ್ನು ಇಮಾನದ ಬಯಲು ಎನ್ನುತ್ತಿದ್ದರು.

ಮೊಮ್ಮಕ್ಕಳಿಗೆ ನಾನು ನಗು ಬರುವ ಭಾಗವನ್ನಷ್ಟೇ ಹೇಳಿದ್ದೇನೆ. ಉಳಿದದ್ದನ್ನು ಬಾಯಿಬಿಟ್ಟು ಹೇಳುವ ಧೈರ್ಯ ನನಗಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಬಯಲು ದಾಂಡೇಲಿಯಲ್ಲಿ ಕಾರಖಾನೆ ಇದ್ದ ಒಂದು ಕಂಪನಿಯ ಕೈಯಲ್ಲಿತ್ತು. ಸರಕಾರದ ಜಮೀನು, ಲೀಜಿಗೆ ಪಡೆದದ್ದು. ಕಂಪನಿಯ ಮಾಲೀಕರು ಮುಂಬಯಿಯಿಂದ ನಾಲ್ಕು ಜನ ಕೂರುವ ಪುಟ್ಟ ವಿಮಾನದಲ್ಲಿ ತಿಂಗಳಿಗೆ ಒಂದೋ ಎರಡೋ ಸಲ ಬಂದಿಳಿಯುತ್ತಿದ್ದರು. ಮಳೆಗಾಲದ ನಾಲ್ಕು ತಿಂಗಳು ಅದೂ ಇಲ್ಲ. ನಾನು ಎಪ್ಪತ್ತರ ದಶಕದ ಮಧ್ಯದಲ್ಲಿ ಅಲ್ಲಿ ಕಾರಕೂನನಾಗಿ ಸೇರಿದೆ. ದಾಂಡೇಲಿ ಆಫೀಸಿನಿಂದ ಫೋನು ಬಂದರೆ ಗಾಳಿಯ ದಿಕ್ಕು ತೋರಿಸುವ ಕೆಂಪು ಬಟ್ಟೆಯ ಚೀಲವನ್ನು ಕಂಬಕ್ಕೆ ಏರಿಸಬೇಕು, ಬಯಲು ಖಾಲಿ ಮಾಡಿಸಬೇಕು, ವಿಮಾನ ಇಳಿದ ಮೇಲೆ ಕೈಮುಗಿಯಬೇಕು. ಕೆಲಸ ಇಷ್ಟೇ. ಆ ಚೀಲ ಅಂಗಿಯ ತೋಳಿನ ಹಾಗಿತ್ತು. ಜನ ಅದಕ್ಕೆ ತೋಳು ಎಂದೇ ಹೆಸರಿಟ್ಟಿದ್ದರು. ‘ತೋಳು ಏರಿಸ್ಯಾರ’ ಎಂದರೆ ವಿಮಾನ ಬರುತ್ತದೆ ಎಂದರ್ಥ.

ಜನ ಎಂದರೆ ಬಯಲಿನ ಅಂಚಿಗಿದ್ದ ಏಳು ಮನೆಯ ಸಿದ್ದಿಗಳು. ಕ್ರಿಸ್ತುವರು. ಬಯಲಿಗೆ ರೋಲರ್ ಹೊಡೆಯುವ ಮೊದಲು ಅವರ ತಂದೆ ತಾತಂದಿರು ಅದೇ ನೆಲದಲ್ಲಿ ಭತ್ತ ಬೆಳೆಯುತ್ತಿದ್ದರಂತೆ. ಕಾಗದ ಪತ್ರ ಏನೂ ಇಲ್ಲ. ಕಂಪನಿ ಬಂದಾಗ ಸರಿಯಿರಿ ಎಂದರು, ಸರಿದರು. ನನಗಿಂತ ಮೊದಲಿದ್ದ ಕಾರಕೂನ ಒಳ್ಳೆಯ ಮನುಷ್ಯನಿರಬೇಕು. ಬಯಲಿನ ಪೂರ್ವದ ಬದಿಯಲ್ಲಿ, ವಿಮಾನದ ಗಾಲಿ ಮುಟ್ಟದ ಪಟ್ಟಿಯಲ್ಲಿ, ರಾಗಿ ಗುರೆಳ್ಳು ಹಾಕಿಕೊಳ್ಳಿ ಎಂದು ಬಾಯಿಮಾತಿನಲ್ಲಿ ಬಿಟ್ಟುಕೊಟ್ಟಿದ್ದ. ಗಟ್ಟಿ ನೆಲವಿದ್ದ ಕೊನೆಗೆ ಅವರು ಮೇಟಿಕಂಬ ನೆಟ್ಟು ಕಣ ಮಾಡಿಕೊಂಡಿದ್ದರು. ಒಕ್ಕಣೆ ಅಲ್ಲೇ, ಹುಲ್ಲಿನ ಬಣವಿ ಅಲ್ಲೇ, ಎಮ್ಮೆ ಮೇಯುವುದೂ ಅಲ್ಲೇ. ಏಳು ಮನೆಯ ಅನ್ನ ಆ ಬದಿಯಿಂದ ಬರುತ್ತಿತ್ತು. ಬೇರೆ ಒಂದು ಗುಂಟೆ ಅವರಿಗಿರಲಿಲ್ಲ.

ಏಳು ಮನೆಗೂ ಹಿರಿಯಳೆಂದರೆ ಒಬ್ಬಳು ವಿಧವೆ. ಎಲ್ಲರೂ ಮಾಯಿ ಎನ್ನುತ್ತಿದ್ದರು, ನಾನೂ ಎಂದೆ. ಎತ್ತರದ ಹೆಂಗಸು, ನನಗಿಂತ ಇಪ್ಪತ್ತು ವರ್ಷವಾದರೂ ದೊಡ್ಡವಳು. ಆದರೂ ನಾನು ಆಕೆಯನ್ನು ನೀ ಎಂದೇ ಮಾತಾಡಿಸುತ್ತಿದ್ದೆ, ಆಕೆ ನನಗೆ ಬರ್ರಿ ಹೋಗ್ರಿ ಎನ್ನುತ್ತಿದ್ದಳು. ಆಗ ಅದು ನನಗೆ ವಿಚಿತ್ರ ಅನಿಸಿರಲಿಲ್ಲ. ಹೆಂಡತಿ ಮಾತ್ರ ಮೊದಲ ದಿನದಿಂದಲೂ ‘ಮಾಯಿ, ಬರ್ರಿ, ಕುಂಡ್ರಿ’ ಎನ್ನುತ್ತಿದ್ದಳು. ಧಾರವಾಡದ ಹುಡುಗಿ, ಕಾಡಿಗೆ ಬಂದು ಬಿದ್ದವಳು. ಮೊದಲ ಹೆರಿಗೆಯಾದಾಗ ಮಾಯಿ ತಿಂಗಳುಗಟ್ಟಲೆ ಬಂದು ಮಗುವಿಗೆ ಎಣ್ಣೆ ತಿಕ್ಕಿ ನೀರು ಹಾಕಿದ್ದಳು. ಅದಕ್ಕೆ ಏನು ತಗೋತೀಯ ಎಂದು ನಾನು ಕೇಳಿದ್ದಕ್ಕೆ ಹೆಂಡತಿ ನನ್ನನ್ನು ದುರುಗುಟ್ಟಿಕೊಂಡು ನೋಡಿದ್ದಳು.

ನಾನು ಸೇರಿದ ಎರಡನೆಯ ವರ್ಷ ಒಂದು ಅವಾಂತರವಾಯಿತು. ವಿಮಾನ ಇಳಿಯುವ ಹೊತ್ತಿಗೆ ಬಯಲಿನ ನಟ್ಟನಡುವೆ ಮಾಯಿಯ ಎಮ್ಮೆ. ಕೂಗಿದರೂ ಕದಲದು, ಕಲ್ಲು ಹೊಡೆದರೂ ಕದಲದು. ವಿಮಾನ ಮೇಲೆ ಎರಡು ಸುತ್ತು ಹಾಕಿ ಮೂರನೆಯದಕ್ಕೆ ಇಳಿಯಿತು. ಮಾಲೀಕರು ಏನೂ ಅನ್ನಲಿಲ್ಲ, ನಕ್ಕರಂತೆ ಕೂಡ. ಆದರೆ ದಾಂಡೇಲಿಯ ಮ್ಯಾನೇಜರು ಫೋನಿನಲ್ಲಿ ನನ್ನ ಏಳು ತಲೆಮಾರನ್ನು ಜಾಲಾಡಿಸಿದರು. ಅತ್ತೆ ಮೇಲಿನ ಕೋಪ ಕೊತ್ತಿ ಮೇಲೆ. ನಾನು ನೇರ ಸಿದ್ದಿಗಳ ಕೇರಿಗೆ ಹೋದೆ. ಸೊಸೆಯಂದಿರು, ಮೊಮ್ಮಕ್ಕಳು ಎಲ್ಲರ ಎದುರಿಗೆ ಮಾಯಿಯನ್ನು ನಿಲ್ಲಿಸಿಕೊಂಡು ಕೂಗಾಡಿದೆ.

“ಇನ್ನೊಮ್ಮೆ ಎಮ್ಮಿ ಕಂಡ್ರ ಎಮ್ಮೀನೂ ದೊಡ್ಡಿಗೆ, ನೀನೂ ಪೊಲೀಸ್ ಠಾಣೇಕ್ಕ! ತೋಳು ಏರಿಸಿದ ಮ್ಯಾಲೆ ಇಲ್ಲಿ ಒಂದು ನರಪಿಳ್ಳೆ ಬಂದು ಹೋಗಿತ್ತು ಅನ್ನೂ ಗುರುತು ಸೈತ ಇರಬಾರದು. ಯಾರರೆ ಕೇಳಿದ್ರ ಬಯಲಾಗ ಕಾಲಿಟ್ಟಿಲ್ಲ ಅನ್ನಬೇಕು. ತಿಳೀತೇನ?”

ಮಾಯಿ ಸೊಸೆಯಂದಿರ ಕಡೆ ಒಮ್ಮೆ ನೋಡಿದಳು. “ಆತ್ರೀ ಕಾರಕೂನ್ರ,” ಎಂದಳು. ಅಷ್ಟೇ.

ಅಂದಿನಿಂದ ಅವರು ಬಯಲು ಖಾಲಿ ಮಾಡುವ ರೀತಿ ನೋಡಬೇಕಿತ್ತು. ತೋಳು ಏರಿತೋ ಇಲ್ಲವೋ, ಎಮ್ಮೆಗಳೆಲ್ಲ ಕಾಡಿನಾಚೆ. ಹೆಂಗಸರು ಕಾಡಿನ ಗಿಡದ ಬರಲು ಕಟ್ಟಿಕೊಂಡು ಬಯಲಿನ ಅಗಲಕ್ಕೂ ಸಾಲಾಗಿ ನಿಂತು ಒಂದು ತುದಿಯಿಂದ ಇನ್ನೊಂದು ತುದಿಗೆ ಗುಡಿಸುತ್ತ ಬರುತ್ತಿದ್ದರು. ಸಗಣಿ, ಕಲ್ಲು, ಒಣಗಿದ ಎಲೆ ಏನೂ ಬಿಡುತ್ತಿರಲಿಲ್ಲ. ಗಂಡಸರು ಹುಲ್ಲಿನ ಹೊರೆ ಎತ್ತುತ್ತಿದ್ದರು. ಒಂದು ತಾಸಿನಲ್ಲಿ ಬಯಲು ಕನ್ನಡಿ. ಆಮೇಲೆ ಎಲ್ಲರೂ ಅಂಚಿನ ಸುಣ್ಣ ಬಳಿದ ಕಲ್ಲುಗಳ ಆಚೆ, ಒಂದು ಹೆಜ್ಜೆಯೂ ಒಳಗಿಡದೆ, ಸಾಲಾಗಿ ನಿಂತು ವಿಮಾನ ನೋಡುತ್ತಿದ್ದರು. ಒಮ್ಮೆ ವಿಮಾನ ನಡೆಸುವಾತ ಇಳಿದು ಬಂದು, ಇಷ್ಟು ಚೊಕ್ಕ ಬಯಲು ಎಲ್ಲೂ ನೋಡಿಲ್ಲ ಎಂದು ಹಿಂದಿಯಲ್ಲಿ ಹೇಳಿದ. ನಾನು ಅದನ್ನು ಮಾಯಿಗೆ ತಿಳಿಸಿದೆ. ಅವತ್ತು ಕೇರಿಯಲ್ಲಿ ಹಬ್ಬದ ಗಲಾಟೆ. ಬೈದು ಕಲಿಸಿದ್ದನ್ನು ಅವರು ತಮ್ಮ ಹೆಗ್ಗಳಿಕೆ ಮಾಡಿಕೊಂಡಿದ್ದರು, ನಾನು ನನ್ನ ಹೆಗ್ಗಳಿಕೆ ಮಾಡಿಕೊಂಡಿದ್ದೆ.

ಎಂಬತ್ತರ ದಶಕ ಶುರುವಾದ ಮೇಲೆ ವಿಮಾನ ಅಪರೂಪವಾಯಿತು. ರಸ್ತೆ ಸುಧಾರಿಸಿತ್ತು. ಹಿರಿಯ ಮಾಲೀಕರು ತೀರಿಕೊಂಡರು, ಮಕ್ಕಳಿಗೆ ವಿಮಾನದ ಹುಚ್ಚಿರಲಿಲ್ಲ, ಅದನ್ನು ಮಾರಿದರು. ಬಯಲು ಮುಚ್ಚುತ್ತದೆ ಎಂದು ಸುದ್ದಿಯಾಯಿತು. ಮುಂದೇನು ಎಂಬುದಕ್ಕೆ ಬಾಯಿಗೊಂದು ಮಾತು. ಮುಂಡಗೋಡದಲ್ಲಿ ಟಿಬೆಟಿನವರಿಗೆ ಕೊಟ್ಟ ಹಾಗೆ ಇನ್ನಾರಿಗೋ ಕೊಡುತ್ತಾರಂತೆ ಎಂದು ಒಬ್ಬ. ಸೂಪಾ ಅಣೆಕಟ್ಟಿನಲ್ಲಿ ಮುಳುಗುವ ಊರಿನವರನ್ನು ತಂದಿಡುತ್ತಾರಂತೆ ಎಂದು ಇನ್ನೊಬ್ಬ. ಹಳಿಯಾಳದ ಬಸ್ ಸ್ಟ್ಯಾಂಡಿನ ಚಹಾದಂಗಡಿಯವನು ಜೈಲು ಕಟ್ಟುವುದು ಖಾತ್ರಿ ಎಂದು ಪಣಕ್ಕೇ ನಿಂತಿದ್ದ.

ನಿಜ ಏನೆಂದು ಗೊತ್ತಿದ್ದದ್ದು ನನಗೆ. ಕಾಗದದ ನಕಲು ನನ್ನ ಮೇಜಿಗೇ ಬಂದಿತ್ತು. ಕಾರವಾರದಿಂದ ಒಬ್ಬ ಅಧಿಕಾರಿ ಸ್ಥಳ ನೋಡಲು ಬರುತ್ತಾರೆ. ಜಮೀನಿನಲ್ಲಿ ಬಡವರ ಸಾಗುವಳಿ, ವಹಿವಾಟು ಏನಾದರೂ ಕಂಡುಬಂದರೆ ಅವರ ಹೆಸರು ಬರೆದುಕೊಂಡು ಅವರಿಗೆ ಕೊಡುವ ವಿಚಾರ ಮಾಡಬೇಕು. ಯಾರ ವಹಿವಾಟೂ ಇಲ್ಲದಿದ್ದರೆ ಜಮೀನು ನೀಲಗಿರಿ ನೆಡುವುದಕ್ಕೆ ಹೋಗಬೇಕು. ಓದಿದಾಗ ಮೊದಲು ನನಗಾದದ್ದು ಸಂತೋಷ. ಇದನ್ನು ಯಾರಾದರೂ ನಂಬಿದರೆ ನಂಬಲಿ, ಬಿಟ್ಟರೆ ಬಿಡಲಿ. ಕಣ ಇದೆ, ಮೇಟಿ ಇದೆ, ಬಣವಿಗಳಿವೆ, ಮುಳ್ಳಿನ ಬೇಲಿ ಇದೆ, ರಾಗಿಯ ಕೂಳೆ ಇನ್ನೂ ನಿಂತಿದೆ. ಕುರುಡನಿಗೂ ಕಾಣುತ್ತದೆ. ಏಳು ಮನೆಗೂ ಜಮೀನು ಖಂಡಿತ ಎಂದುಕೊಂಡೆ.

ಆ ಸಂತೋಷ ಎರಡು ದಿನ ಇತ್ತು. ಮೂರನೆಯ ದಿನ ಮ್ಯಾನೇಜರು ದಾಂಡೇಲಿಗೆ ಕರೆಸಿದರು. ಚಹಾ ತರಿಸಿಕೊಟ್ಟರು, ಅಷ್ಟು ವರ್ಷಗಳಲ್ಲಿ ಮೊದಲ ಸಲ. ಲೀಜಿನ ಜಮೀನಿನಲ್ಲಿ ಬೇರೆಯವರನ್ನು ಬಿಟ್ಟುಕೊಂಡದ್ದು ಗೊತ್ತಾದರೆ ಕಂಪನಿಗೆ ತೊಂದರೆ, ಬಯಲು ಒಪ್ಪಿಸುವುದೂ ವರ್ಷಗಟ್ಟಲೆ ಎಳೆದಾಡುತ್ತದೆ ಎಂದರು. “ತಂಟೆ ತಕರಾರು ಇಲ್ಲದಂಗ ಮುಗಿಸಿಬಿಡ್ರಿ. ಕಾರಖಾನಿ ಟೈಮ್ ಆಫೀಸಿನ್ಯಾಗ ಹಾಜರಿ ಬರಿಯಾಕ ನಿಮಗೊಂದು ಜಾಗಾ ಐತಿ, ಕ್ವಾರ್ಟರ್ಸೂ ನೋಡೂಣು,” ಎಂದರು. ಸುಳ್ಳು ಹೇಳು ಎಂದು ಅವರು ಹೇಳಲಿಲ್ಲ. ದೊಡ್ಡವರು ಹಾಗೆಲ್ಲ ಹೇಳುವುದಿಲ್ಲ. ಮಗಳು ಆಗಷ್ಟೇ ಶಾಲೆಗೆ ಸೇರಿದ್ದಳು. ಬಯಲು ಮುಚ್ಚಿದರೆ ನನಗೆ ಬೇರೆ ಗತಿ ಇರಲಿಲ್ಲ ಎಂದು ಎಷ್ಟೋ ವರ್ಷ ನನಗೆ ನಾನೇ ಹೇಳಿಕೊಂಡೆ. ಗತಿ ಇತ್ತು. ಹುಬ್ಬಳ್ಳಿಯಲ್ಲಿ ಮಾವನವರ ಅಂಗಡಿ ಇತ್ತು. ಅಲ್ಲಿ ಹೋಗಿ ಕೂರುವುದು ನನಗೆ ಅವಮಾನ ಅನಿಸಿತ್ತು, ಅಷ್ಟೇ.

ಅಧಿಕಾರಿ ಬರುವುದಕ್ಕೆ ನಾಲ್ಕು ದಿನ ಮುಂಚೆ ಮಾಯಿ ಶೆಡ್ಡಿಗೆ ಬಂದಳು. ಒಳಗೆ ಬರಲಿಲ್ಲ, ಬಾಗಿಲಲ್ಲೇ ಕೂತಳು.

“ಕಾರಕೂನ್ರ, ಕಾರವಾರದಿಂದ ದೊಡ್ಡ ಸಾಹೇಬ್ರು ಬರ್ತಾರಂತ?”

“ಹೂಂ. ಬಯಲು ನೋಡಾಕ ಬರ್ತಾರ.”

“ಅವರು ನೋಡಿದ ಮ್ಯಾಲೆ ಜಮೀನು ಯಾರಿಗೆ ಅಂತ ಬರೀತಾರಂತ. ಖರೇ ಏನ್ರೀ?”

“ಖರೇ.”

ಆಕೆ ಬಯಲಿನ ಕಡೆ ಕೈ ಮಾಡಿದಳು. “ನಮ್ಮ ಮಾವ ಬಿತ್ತಿದ ಜಮೀನ್ರಿ ಇದು. ನಮಗ ಬರಿಯೂಹಂಗ ಆಗಬೇಕು. ಸಾಹೇಬ್ರು ಬಂದ ದಿವಸ ನಾವು ಏನ್ ಮಾಡೂಣ್ರಿ? ನೀವು ಹೇಳಿದಂಗ ಮಾಡ್ತೇವಿ.”

ಹೇಳಬೇಕಾದದ್ದು ನಾಲ್ಕೇ ಮಾತು. ಏನನ್ನೂ ತೆಗೀಬ್ಯಾಡ್ರಿ, ಎಮ್ಮಿ ಬಯಲಾಗೇ ಬಿಡ್ರಿ, ಕಣದಾಗ ಕುಂಡ್ರಿ, ಇದು ನಮ್ಮದು ಅನ್ರಿ. ಅದು ನಾಲಿಗೆಯ ತುದಿಗೂ ಬಂದಿತ್ತು. ಅದೇ ಹೊತ್ತಿಗೆ ಮ್ಯಾನೇಜರ ಚಹಾ ನೆನಪಾಯಿತು. ಹಾವೂ ಸಾಯಬೇಕು, ಕೋಲೂ ಮುರಿಯಬಾರದು. ನಾನು ಸುಳ್ಳು ಹೇಳಲಿಲ್ಲ.

“ಯಾವಾಗ್ಲೂ ಮಾಡಿದಂಗ ಮಾಡ್ರಿ,” ಎಂದೆ.

ಮಾಯಿಯ ಮುಖ ಅರಳಿತು. “ಅಷ್ಟ ಏನ್ರೀ? ಅದರಾಗ ನಮ್ಮನ್ನ ಯಾರ್ ಮೀರಸ್ತಾರ!” ಎಂದು ಎದ್ದು ಹೋದಳು.

ಮರುದಿನ ಬೆಳಿಗ್ಗೆಯಿಂದಲೇ ಕೆಲಸ ಹತ್ತಿತು. ಮೊದಲೆಲ್ಲ ವಿಮಾನ ಬಂದಾಗ ಬದಿಯ ಬಣವಿ, ಬೇಲಿ, ಮೇಟಿಗಳನ್ನು ಮುಟ್ಟುತ್ತಿರಲಿಲ್ಲ. ವಿಮಾನಕ್ಕೆ ಅವು ಅಡ್ಡಿಯಿರಲಿಲ್ಲ. ಈ ಸಲ ದೊಡ್ಡ ಸಾಹೇಬರು, ಜಮೀನು ಬರೆಯುವ ಸಾಹೇಬರು. ಏಳು ಮನೆಯವರು ಹೊರೆ ಹೊರೆಯಾಗಿ ಬಣವಿಗಳನ್ನು ಕಾಡಿನಾಚೆಗೆ ಸಾಗಿಸಿದರು. ಮುಳ್ಳುಬೇಲಿ ಕಿತ್ತು ಸುಟ್ಟರು. ಮುದುಕರು ಕೂಡ ಕುಕ್ಕರಗಾಲಲ್ಲಿ ಕೂತು ರಾಗಿಯ ಕೂಳೆಯನ್ನು ಒಂದೊಂದೇ ಕಿತ್ತರು. ಮೇಟಿಕಂಬವನ್ನು ಅಲುಗಾಡಿಸಿ ಅಲುಗಾಡಿಸಿ ಹೊರಗೆಳೆದರು. ಅದು ಮಾಯಿಯ ಗಂಡ ನೆಟ್ಟದ್ದು. ನಾನು ಶೆಡ್ಡಿನ ಕಿಟಕಿಯಿಂದ ನೋಡುತ್ತಿದ್ದೆ. ಎದ್ದು ಹೋಗಿ ಬ್ಯಾಡ್ರಪ್ಪಾ ಎನ್ನಲು ಮೂರು ಪೂರ್ತಿ ದಿನ ಇತ್ತು ನನಗೆ. ನಡುವೆ ಮಾಯಿ ಎರಡು ಸಲ ಬಂದು ನೀರು ಕುಡಿದು ಹೋದಳು. ನಾನೇ ಮಡಕೆಯಿಂದ ಬಗ್ಗಿಸಿ ಕೊಟ್ಟೆ.

ಮನೆಯಲ್ಲಿ ಹೆಂಡತಿ ಕೇಳಿದಳು. “ಅವರ ಬಣವಿ ಯಾಕ ತಗೀಲಿಕ್ಕತ್ತಾರ? ಅದ ಇದ್ರ ಛೊಲೋ ಅಲ್ಲೇನು? ನೀವು ಹೇಳ್ಲಿಲ್ಲೇನು?” ಕಾಗದದ ವಿಷಯ ಅವಳಿಗೆ ನಾನೇ ಸಂತೋಷದಲ್ಲಿ ಹೇಳಿಬಿಟ್ಟಿದ್ದೆ.

“ಅವರಿಗೇ ತಿಳೀಬೇಕು,” ಎಂದೆ.

ಅವಳು ಬಡಿಸುತ್ತಿದ್ದ ಸೌಟನ್ನು ಪಾತ್ರೆಯಲ್ಲಿ ಬಿಟ್ಟು ನನ್ನನ್ನು ನೋಡಿದಳು. “ನಾ ಹೋಗಿ ಹೇಳ್ತೇನಿ,” ಎಂದಳು. ನಾನು ತಟ್ಟೆ ನೂಕಿ ಎದ್ದೆ. ಹೋದರೆ ಮಗಳ ಶಾಲೆ, ನಮ್ಮ ಅನ್ನ ಎರಡೂ ಹೋದಂತೆ ಎಂದು ಕೂಗಿದೆ. ಅವಳು ಹೋಗಲಿಲ್ಲ. ನನ್ನ ಪಾಪದಲ್ಲಿ ಅವಳನ್ನೂ ಎಳೆದುಕೊಂಡೆ. ಇದೂ ಸೇರಲಿ ಲೆಕ್ಕಕ್ಕೆ.

ಅಧಿಕಾರಿ ಬಂದದ್ದು ಬೆಳಿಗ್ಗೆ ಹತ್ತರ ಸುಮಾರಿಗೆ, ಜೀಪಿನಲ್ಲಿ. ಅವರು ಕೆಟ್ಟವರಾಗಿದ್ದರೆ ನನಗೆ ಇಂದು ಎಷ್ಟೋ ಹಗುರಾಗುತ್ತಿತ್ತು. ಸಾದಾ ಮನುಷ್ಯ, ನಿವೃತ್ತಿಗೆ ಹತ್ತಿರವಾದವರು, ಬಿಸಿಲಿಗೆ ತಲೆಯ ಮೇಲೆ ಕರವಸ್ತ್ರ ಹಾಕಿಕೊಂಡಿದ್ದರು. ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ನಡೆದೇ ನೋಡಿದರು. ನಾನು ಹಿಂದೆ. ಬಯಲು ಆಗ ತಾನೆ ಗುಡಿಸಿದ ಅಂಗಳದ ಹಾಗಿತ್ತು. ಬರಲಿನ ಗೆರೆಗಳು ಕೂಡ ಒಂದೇ ದಿಕ್ಕಿಗೆ ಇದ್ದವು.

“ಕಂಪನಿಯವರು ಚೆನ್ನಾಗಿ ಇಟ್ಟಿದ್ದೀರಿ,” ಎಂದರು. ಆಮೇಲೆ ಸುಣ್ಣದ ಕಲ್ಲುಗಳ ಆಚೆ ತೊಳೆದ ಬಟ್ಟೆ ಉಟ್ಟು ಸಾಲಾಗಿ ನಿಂತವರನ್ನು ನೋಡಿ, “ಅವರ್ಯಾರು?” ಎಂದು ಕೇಳಿದರು.

“ಬಾಜೂ ಊರಿನವರ್ರಿ. ನೋಡಾಕ ಬಂದಾರ.”

ಅವರಿಗೆ ಯಾಕೋ ಸಮಾಧಾನವಾಗಲಿಲ್ಲ. ನೇರ ಅವರ ಕಡೆಗೇ ನಡೆದರು. ಮಾಯಿಯ ಎದುರು ನಿಂತು, “ತಾಯಿ, ಈ ಜಾಗದಲ್ಲಿ ನೀವು ಏನಾದರೂ ಬೆಳೀತೀರಾ? ದನ ಮೇಯಿಸ್ತೀರಾ? ಹೆದರಬೇಡಿ, ಇದ್ದದ್ದು ಹೇಳಿ,” ಎಂದು ಕೇಳಿದರು.

ಮಾಯಿ ನನ್ನತ್ತ ನೋಡಿದಳು. ಆಗಲೂ ಹೊತ್ತು ಮೀರಿರಲಿಲ್ಲ. ನಾನು ಸುಮ್ಮನೆ ನಿಂತೆ.

“ಇಲ್ರೀ ಸಾಹೇಬ್ರ,” ಎಂದಳು, ಗಟ್ಟಿಯಾಗಿ, ಶಾಲೆಯಲ್ಲಿ ಪಾಠ ಒಪ್ಪಿಸುವ ಹಾಗೆ. “ನಾವು ಬಯಲಾಗ ಕಾಲ ಸುದ್ದಾ ಇಡೂದಿಲ್ಲ. ಬೇಕಾದ್ರ ಕಾರಕೂನ್ರನ್ನ ಕೇಳ್ರಿ.”

ಅಧಿಕಾರಿ ನನ್ನ ಕಡೆ ತಿರುಗಿದರು.

“ಹೌದ್ರಿ,” ಎಂದೆ.

ಪಂಚನಾಮೆಯನ್ನು ಜೀಪಿನ ಬಾನೆಟ್ಟಿನ ಮೇಲಿಟ್ಟು ನಾನೇ ಬರೆದೆ. ನನ್ನ ಅಕ್ಷರ ದುಂಡಗೆ ಎಂದು ಅಧಿಕಾರಿ ನನಗೇ ಕೊಟ್ಟರು. ಜಮೀನು ಪೂರ್ತಿ ಖಾಲಿ ಇದೆ, ಯಾರ ಸಾಗುವಳಿಯಾಗಲಿ ವಹಿವಾಟಾಗಲಿ ಇಲ್ಲ, ಗ್ರಾಮಸ್ಥರೂ ಹಾಗೆಯೇ ತಿಳಿಸಿದರು. ಸಾಕ್ಷಿಗೆ ಮಾಯಿಯ ಎಡಗೈ ಹೆಬ್ಬೆಟ್ಟು. ಅದನ್ನು ಹಿಡಿದು ಶಾಯಿಗೆ ಒತ್ತಿ ಕಾಗದಕ್ಕೆ ಒತ್ತಿದವನು ನಾನು. ಮೂರು ದಿನ ಮುಳ್ಳು ಕಿತ್ತು ಆ ಬೆರಳು ತುಂಬ ಗೀರುಗಳಾಗಿದ್ದವು. ಒತ್ತಿದಾಗ ನೋವಾಗಿರಬೇಕು, ಆಕೆ ಕೈ ಎಳೆದುಕೊಳ್ಳಲಿಲ್ಲ. “ಛಲೋ ಆತಲ್ರಿ ಕಾರಕೂನ್ರ?” ಎಂದು ಪಿಸುಗುಟ್ಟಿದಳು. ನಾನು ತಲೆಯಾಡಿಸಿದೆ.

ಆ ಮಳೆಗಾಲಕ್ಕೇ ಬಯಲಿನ ಸುತ್ತ ಕಂದಕ ತೋಡಿದರು, ಒಳಗೆ ನೀಲಗಿರಿ ನೆಟ್ಟರು. ಪೂರ್ವದ ಬದಿಯೂ ಹೋಯಿತು, ಕಣವೂ ಹೋಯಿತು. ಎಮ್ಮೆ ಕಾಲಿಟ್ಟರೆ ಕಾವಲಿನವರು ದೊಡ್ಡಿಗೆ ಹೊಡೆಯುತ್ತಿದ್ದರು. ಒಂದೊಂದೇ ಮನೆಯವರು ಎಮ್ಮೆ ಮಾರಿದರು. ಮೂರು ಮನೆಯವರು ಗಣೇಶಗುಡಿಗೆ ಅಣೆಕಟ್ಟಿನ ಕೆಲಸಕ್ಕೆ ಕಲ್ಲು ಹೊರಲು ಹೋದರು. ಎರಡು ಮನೆಯವರು ಗೋವಾಕ್ಕೆ. ಉಳಿದವರು ಹಳಿಯಾಳದ ಸುತ್ತಲಿನ ಹೊಲಗಳಿಗೆ ಕೂಲಿಗೆ. ನನಗೆ ಟೈಮ್ ಆಫೀಸು ಸಿಕ್ಕಿತು, ಕ್ವಾರ್ಟರ್ಸೂ ಸಿಕ್ಕಿತು. ಬೆಣ್ಣೆಯಲ್ಲಿನ ಕೂದಲು ತೆಗೆದ ಹಾಗೆ ಎಲ್ಲ ಸಲೀಸಾಗಿ ನಡೆದುಹೋಯಿತು. ನಾಚಿಕೆ ಎಂಬುದು ಆಗಲೇ ಬಂತು ಎಂದರೆ ಸುಳ್ಳಾಗುತ್ತದೆ. ಮೊದಲು ಬಂದದ್ದು ಭಯ, ಮಾಯಿ ಎಲ್ಲಾದರೂ ಎದುರಾದಾಳು ಎಂದು. ಹಳಿಯಾಳದ ಸಂತೆಗೆ ಹೋಗುವುದನ್ನೇ ಬಿಟ್ಟೆ.

ಎರಡು ವರ್ಷದ ಮೇಲೆ ಒಂದು ರವಿವಾರ ಮಧ್ಯಾಹ್ನ ಆಕೆಯೇ ದಾಂಡೇಲಿಯ ನಮ್ಮ ಮನೆ ಹುಡುಕಿಕೊಂಡು ಬಂದಳು. ಸೊರಗಿದ್ದಳು. ಕೈಯಲ್ಲಿ ಎಲೆ ಸುತ್ತಿದ ಸೀಸೆಯಲ್ಲಿ ಜೇನುತುಪ್ಪ. ಹೆಂಡತಿ ಅದನ್ನು ತೆಗೆದುಕೊಂಡು ಒಳಗೆ ಹೋದಳು. ನಾನು ಕುರ್ಚಿ ತೋರಿಸಿದೆ. ಮಾಯಿ ನೆಲಕ್ಕೇ ಕೂತಳು. ಬೈಯಲು ಬಂದಿದ್ದಾಳೆ, ಬೈಯಲಿ ಎಂದು ನಾನು ತಲೆ ತಗ್ಗಿಸಿ ಕೂತೆ. ಬೈದರೆ ಸಾಕು ಎಂದು ನಿಜವಾಗಿ ಅನಿಸಿತ್ತು.

“ಕಾರಕೂನ್ರ, ಒಂದು ಮಾತು ಹೇಳಿ ಹೋಗಬೇಕಂತ ಬಂದೇನಿ. ಮುಚ್ಚಿಟಕೊಂಡು ಸಾಯಬಾರದು ನೋಡ್ರಿ,” ಎಂದಳು. “ಆವತ್ತ ಎಲ್ಲಾ ಛಲೋ ಮಾಡಿದ್ವಿ. ಮೇಟಿ ಕಿತ್ತಿದ್ದು ನಾನ. ಅದರ ತಗ್ಗು ಮುಚ್ಚಾಕ ಮಣ್ಣು ಸಾಲಲಿಲ್ಲ. ಹೊತ್ತಾಗಿತ್ತು, ಮ್ಯಾಲೆ ಎಲಿ ಹಾಕಿ ಬಿಟ್ಟೆ. ಯಾರಿಗೂ ಹೇಳಿಲ್ಲ. ಸಾಹೇಬ್ರು ಅದನ್ನ ನೋಡಿರಬೇಕು. ಅದಕ್ಕ ಜಮೀನು ನಮಗ ಬರೀಲಿಲ್ಲ. ನೀವು ನಮ್ಮ ಸಲುವಾಗಿ ಎಷ್ಟು ಹೇಳಿದ್ರಿ, ನಿಮ್ಮ ಮಾತಿಗೆ ಬೆಲೆ ಇಲ್ಲದಂಗ ನಾ ಮಾಡಿಬಿಟ್ಟೆ. ತಪ್ಪಾತು ಅನ್ನಬೇಕಂತ ಬಂದೆ.”

ಅವತ್ತು ಅದೊಂದು ತಗ್ಗಿನ ಮೇಲಿನ ಎಲೆಯನ್ನು ಯಾರಾದರೂ ಕಾಲಿನಿಂದ ಸರಿಸಿದ್ದರೂ ಜಮೀನು ಅವರಿಗಾಗಲು ಸಾಕಾಗಿತ್ತು. ಆ ಅಧಿಕಾರಿ ನೋಡುತ್ತಿದ್ದರು, ಕೇಳುತ್ತಿದ್ದರು, ಬರೆಸುತ್ತಿದ್ದರು. ಅದನ್ನು ಆಕೆಗೆ ಹೇಳಬೇಕು ಎಂದು ಬಾಯಿ ತೆರೆದೆ. ತಪ್ಪು ನಿನ್ನದಲ್ಲ ಮಾಯಿ, ಏನನ್ನೂ ತೆಗೆಯಬೇಡ ಎಂದು ನಾನು ಹೇಳಬೇಕಿತ್ತು, ಹೇಳಲಿಲ್ಲ. ಅಷ್ಟು ಹೇಳಿದ್ದರೆ ಆಕೆ ನನ್ನ ಮುಖಕ್ಕೆ ಉಗಿದು ಹೋಗುತ್ತಿದ್ದಳು, ಆದರೆ ಎದೆಯ ಮೇಲಿನ ಆ ಸುಳ್ಳು ಭಾರ ಇಳಿಸಿಕೊಂಡು ಹೋಗುತ್ತಿದ್ದಳು. ಒಳಬಾಗಿಲಲ್ಲಿ ಹೆಂಡತಿ ನಿಂತಿದ್ದಳು, ನನ್ನನ್ನೇ ನೋಡುತ್ತ.

“ಆಗಿದ್ದು ಆಗಿ ಹೋತು, ಬಿಡು ಮಾಯಿ,” ಎಂದೆ. “ನಾ ಮನಸಿನ್ಯಾಗ ಇಟಗೊಂಡಿಲ್ಲ.”

ಮಾಯಿ ನನ್ನ ಎರಡೂ ಕೈ ಹಿಡಿದು ಕಣ್ಣಿಗೊತ್ತಿಕೊಂಡಳು. ನೀವು ದೊಡ್ಡವರು ಎಂದಳು. ಹೆಂಡತಿ ತಂದ ಚಹಾ ಕುಡಿದು, ಹಳಿಯಾಳದ ಬಸ್ಸು ಹಿಡಿಯಲು ಹೊರಟಳು. ಮರುವರ್ಷ ತೀರಿಕೊಂಡಳು ಎಂದು ಕೇಳಿದೆ. ಆಕೆಯ ತಪ್ಪನ್ನು ನಾನು ಕ್ಷಮಿಸಿದ್ದೇನೆ ಎಂದು ನಂಬಿಕೊಂಡೇ ಆಕೆ ಸತ್ತಳು.